ಎರಡು ವೇಗದ ಮರೆವು: ಕಾರವಾರದ ದಂಡೆಯಿಂದ ಒಂದು ಪ್ರಕರಣ

ಕಾರವಾರ ಮತ್ತು ಅಂಕೋಲಾ ನಡುವಿನ ಮೀನುಗಾರರ ಕೇರಿಯೊಂದರಿಂದ ಎಪ್ಪತ್ತರ ಆಸುಪಾಸಿನ ಅಜ್ಜಿಯೊಬ್ಬರನ್ನು ಮಗ ಮತ್ತು ಸೊಸೆ 2024ರ ಆಗಸ್ಟ್ ತಿಂಗಳಲ್ಲಿ ನಮ್ಮ ದವಾಖಾನೆಗೆ ಕರೆತಂದರು. ಮಗನ ಬೇಡಿಕೆ ಚಿಕ್ಕದಾಗಿತ್ತು: "ಅಮ್ಮನಿಗೆ ಅರಳು ಮರಳು ಆಗಿದೆ. ಇದು ಗುಣವಾಗುವುದಿಲ್ಲ ಎಂದು ಗೊತ್ತು. ರಾತ್ರಿ ಮಲಗಲು ಒಂದು ಮಾತ್ರೆ ಕೊಡಿ, ಸಾಕು." ಆ ಮಾತ್ರೆ ಕೊಟ್ಟು ಕಳುಹಿಸಿದ್ದರೆ ಅಜ್ಜಿ ಬಹುಶಃ ಆ ತಿಂಗಳು ಕಳೆಯುತ್ತಿರಲಿಲ್ಲ. ಹಿರಿಯರ ಮರೆವಿನ ಬಗ್ಗೆ ನಮ್ಮ ಮನೆಗಳಲ್ಲಿ ಬೇರೂರಿರುವ ತೀರ್ಮಾನ ಎಷ್ಟು ಅಪಾಯಕಾರಿ ಎಂಬುದು ಈ ಪ್ರಕರಣದಲ್ಲಿ ಕಣ್ಣಿಗೆ ಕಟ್ಟುವಂತೆ ಇದೆ. ಹಾಗಾಗಿ ಮನೆಯವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರ ಬದಲಿಸಿ, ಇದನ್ನು ಬಿಡಿಸಿ ಬರೆಯುತ್ತಿದ್ದೇನೆ.

ಅಜ್ಜಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಮದುವೆಯಾದ ಮೇಲೆ ತಲೆಗೇರಿದ ಮೀನಿನ ಬುಟ್ಟಿಯನ್ನು ಈಚಿನವರೆಗೂ ಇಳಿಸಿರಲಿಲ್ಲ. ಬೆಳಗಿನ ಜಾವ ಬಂದರಿನ ಹರಾಜಿನಲ್ಲಿ ಮೀನು ಕೊಳ್ಳುವುದು, ಬಸ್ಸಿನಲ್ಲೋ ಟೆಂಪೋದಲ್ಲೋ ಒಳ ಊರುಗಳಿಗೆ ಹೋಗುವುದು, ಮನೆ ಮನೆಯ ಅಂಗಳದಲ್ಲಿ ಬುಟ್ಟಿ ಇಳಿಸಿ ಮಾರುವುದು. ಮನೆಯಲ್ಲಿ ಕೊಂಕಣಿ, ಗಿರಾಕಿಗಳ ಜೊತೆ ಕನ್ನಡ, ಬಂದರಿನಲ್ಲಿ ಕೆಲಸಕ್ಕೆ ಬೇಕಾದಷ್ಟು ಮರಾಠಿ, ಹಿಂದಿ. ಯಾವ ಮನೆಯವರು ನೊಗಲಿ ಮೀನಿಗೆ ಕಾಯುತ್ತಾರೆ, ಯಾರಿಗೆ ಶೆಟ್ಲಿ (ಸಿಗಡಿ) ಆಗುವುದಿಲ್ಲ, ಯಾರು ಸೋಮವಾರ ಮೀನು ಮುಟ್ಟುವುದಿಲ್ಲ, ಯಾರದು ಎಷ್ಟು ಉದ್ದರಿ ಬಾಕಿ, ಎಲ್ಲವೂ ಬಾಯಿಲೆಕ್ಕ. ಚೀಟಿ ಇಲ್ಲ, ಪುಸ್ತಕ ಇಲ್ಲ.

ಆಧಾರ್ ಕಾರ್ಡಿನ ಪ್ರಕಾರ ಅವರ ವಯಸ್ಸು 65. ಹುಟ್ಟಿದ ದಿನ ಜನವರಿ 1 ಎಂದಿತ್ತು; ಹೀಗಿದ್ದರೆ ನಾನು ನಂಬುವುದಿಲ್ಲ. ಗೋವಾ ಬಿಡುಗಡೆಯ ಹೊತ್ತಿಗೆ, ಅಂದರೆ 1961ರ ಡಿಸೆಂಬರಿನಲ್ಲಿ ನೌಕಾಪಡೆ ಕಾರವಾರದ ಬಳಿಯ ಅಂಜದೀವಿ ದ್ವೀಪಕ್ಕೆ ಇಳಿದಾಗ, ತಾನು ತಮ್ಮನನ್ನು ಸೊಂಟದ ಮೇಲೆ ಹೊತ್ತು ತಿರುಗುವಷ್ಟು ದೊಡ್ಡವಳಾಗಿದ್ದೆ ಎಂದು ಅಜ್ಜಿ ಮೊದಲ ದಿನವೇ ಹೇಳಿದರು. ಹಾಗಾದರೆ ಎಪ್ಪತ್ತು ದಾಟಿದೆ. ಮರೆವಿನ ಪರೀಕ್ಷೆಯ ಅಂಕಗಳನ್ನು ವಯಸ್ಸಿಗೆ ತಕ್ಕಂತೆ ಅಳೆಯಬೇಕಾದ್ದರಿಂದ ಈ ಐದಾರು ವರ್ಷಗಳ ವ್ಯತ್ಯಾಸ ಸಣ್ಣದಲ್ಲ.

ಎರಡು ವೇಗ

ಮಗ ಎಲ್ಲವನ್ನೂ ಒಂದೇ ಕಥೆಯಾಗಿ ಹೇಳಿದ. ಲೆಕ್ಕ ತಪ್ಪುವುದು, ಹೇಳಿದ್ದನ್ನೇ ಹೇಳುವುದು, ಚಿಲ್ಲರೆ ಹೆಚ್ಚು ಕೊಟ್ಟು ಬರುವುದು, ಸಂಜೆಯಾದರೆ ತೀರಿಹೋದ ಗಂಡನ ಜೊತೆ ಮಾತನಾಡುವುದು, ಅಂಗಳದಲ್ಲಿ ಜಾರಿ ಬಿದ್ದದ್ದು. ನನ್ನ ಕೆಲಸ ಆ ಕಥೆಯನ್ನು ತುಂಡು ಮಾಡಿ, ಯಾವುದು ಯಾವಾಗ ಶುರುವಾಯಿತು ಎಂದು ಜೋಡಿಸುವುದಾಗಿತ್ತು. ಮಗನಿಗಿಂತ ಸೊಸೆಗೆ ಇದು ಚೆನ್ನಾಗಿ ನೆನಪಿತ್ತು. ಮನೆಯಲ್ಲಿ ಇಡೀ ದಿನ ಜೊತೆಗಿರುವವರನ್ನೇ ಕೇಳಬೇಕು. ಜೊತೆಗೆ ಬಂದ ಗಂಡಸರನ್ನು ಮಾತ್ರ ಮಾತನಾಡಿಸಿ ಚೀಟಿ ಬರೆಯುವ ಅಭ್ಯಾಸ ನಮ್ಮ ವೃತ್ತಿಯಲ್ಲಿ ಇನ್ನೂ ಹೋಗಿಲ್ಲ.

ಸೊಸೆಯ ಪ್ರಕಾರ ಮೊದಲ ಬದಲಾವಣೆ ಕಂಡದ್ದು ಸುಮಾರು ಎರಡು ವರ್ಷಗಳ ಹಿಂದೆ. ಕೇಳಿದ್ದನ್ನೇ ಮತ್ತೆ ಕೇಳುವುದು, ಮೊಮ್ಮಕ್ಕಳ ಹೆಸರು ಅದಲು ಬದಲಾಗುವುದು, ಒಮ್ಮೆ ದೊಡ್ಡ ಉದ್ದರಿ ಪೂರ್ತಿ ಮರೆತದ್ದು. ಆದರೂ ಅಡುಗೆ, ಬಸ್ಸು, ವ್ಯಾಪಾರ ನಡೆದೇ ಇತ್ತು. 2024ರ ಬೇಸಿಗೆಯಲ್ಲಿ ಚಿಲ್ಲರೆ ತಪ್ಪತೊಡಗಿತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧ. ಅಜ್ಜಿ ಮನೆಯಲ್ಲೇ ಉಳಿದರು. ಬೇರೆ ವರ್ಷ ಒಣಮೀನು ಮಾರಲು ಹೋಗುತ್ತಿದ್ದವರನ್ನು ಈ ವರ್ಷ ಮನೆಯವರೇ ತಡೆದರು. ಜೂನ್ ಕೊನೆಯಲ್ಲಿ ತಲೆ ಸುತ್ತು ಬಂದು ಒಂದು ಖಾಸಗಿ ದವಾಖಾನೆಯಲ್ಲಿ ತೋರಿಸಿದಾಗ ರಕ್ತದೊತ್ತಡ ಬಹಳ ಏರಿತ್ತು. ಮಾತ್ರೆ ಬದಲಾಯಿತು. ಅಲ್ಲಿಂದ ಎರಡು ಮೂರು ವಾರಗಳಲ್ಲಿ ಅಜ್ಜಿ ಬೇರೆಯೇ ಮನುಷ್ಯರಾದರು.

ಆ ಬದಲಾವಣೆಯ ದಿನಾಂಕವನ್ನು ಈ ಜಿಲ್ಲೆಯಲ್ಲಿ ಯಾರೂ ತಪ್ಪಿ ಹೇಳಲಾರರು. ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್ ಆಯಿತು. ಕುಮಟಾ ಕಡೆಗೆ ಕೊಟ್ಟ ಮಗಳು ತಾಯಿಯನ್ನು ನೋಡಲು ಬರಲಾಗಲಿಲ್ಲ. ಅಜ್ಜಿ ಪ್ರತಿದಿನ "ಮಗಳು ಯಾಕೆ ಬರಲಿಲ್ಲ" ಎಂದು ಕೇಳಿದರು. ಗುಡ್ಡ ಬಿದ್ದದ್ದನ್ನು ಹೇಳಿದಾಗಲೆಲ್ಲ ಮೊದಲ ಬಾರಿ ಕೇಳಿದಂತೆ ಗಾಬರಿಯಾಗಿ ಅತ್ತರು. ನನ್ನ ಮುಂದೆ ಕುಳಿತಾಗ, ಆಗಸ್ಟ್ 7ರ ನಡುರಾತ್ರಿ ಕುಸಿದ ಕಾಳಿ ನದಿಯ ಹಳೆಯ ಸೇತುವೆಯ ಬಗ್ಗೆ ಕೇಳಿದೆ. ಊರಿನ ಪ್ರತಿ ಚಹಾ ಅಂಗಡಿಯಲ್ಲೂ ಅದೇ ಮಾತಿದ್ದ ದಿನಗಳವು. "ಅದಕ್ಕೇನಾಗಿದೆ? ಇದೆಯಲ್ಲ" ಎಂದರು. ಆದರೆ ಆ ಸೇತುವೆ ಬರುವ ಮೊದಲು ಸದಾಶಿವಗಡಕ್ಕೆ ದೋಣಿಯಲ್ಲಿ ಬುಟ್ಟಿ ಸಾಗಿಸಿದ್ದನ್ನು ಸೊಗಸಾಗಿ ವರ್ಣಿಸಿದರು.

ವರ್ಷಗಳಲ್ಲಿ ನಿಧಾನವಾಗಿ ಕುಸಿಯುವುದು ಒಂದು ವೇಗ. ವಾರಗಳಲ್ಲಿ ಧೊಪ್ಪನೆ ಬೀಳುವುದು ಇನ್ನೊಂದು. ಆಲ್ಝೈಮರ್ ಕಾಯಿಲೆ ಎರಡು ವಾರಗಳಲ್ಲಿ ಒಬ್ಬರನ್ನು ಹೀಗೆ ಬದಲಿಸುವುದಿಲ್ಲ. ಇಳಿತದ ನೀರಿನ ಮೇಲೆ ತೂಫಾನು ಬಂದಂತೆ, ಇಲ್ಲಿ ಒಂದರ ಮೇಲೆ ಇನ್ನೊಂದು ಕೂತಿತ್ತು. ತೂಫಾನು ಯಾವುದು ಎಂಬುದೇ ಆ ದಿನದ ಪ್ರಶ್ನೆ.

ವಾರದ ದಿನಗಳನ್ನು ಹಿಂದಿನಿಂದ ಹೇಳಿ ಎಂದು ಕೊಂಕಣಿಯಲ್ಲೇ ಕೇಳಿಸಿದೆ. "ಆಯ್ತಾರ, ಶೆನ್ವಾರ" ಎಂದವರು ಅಲ್ಲೇ ನಿಂತರು, ಮೇಲೆ ತಿರುಗುತ್ತಿದ್ದ ಫ್ಯಾನನ್ನು ನೋಡಿದರು, ನಂತರ ಪ್ರಶ್ನೆಯೇ ಕೈತಪ್ಪಿತು. ಸ್ವಲ್ಪ ಹೊತ್ತಿಗೆ ಎಚ್ಚರವಾದಂತೆ ಚೆನ್ನಾಗಿ ಮಾತನಾಡಿದರು, ಮತ್ತೆ ಮಂಕಾದರು. ಡಿಮೆನ್ಶಿಯಾ, ಅಂದರೆ ನೆನಪು ಮತ್ತು ಅರಿವು ಕ್ರಮೇಣ ಕುಂದುವ ಕಾಯಿಲೆಯ ಆರಂಭದಲ್ಲಿ ನೆನಪು ಸೋರಿದರೂ ಗಮನ ಸಾಮಾನ್ಯವಾಗಿ ನಿಲ್ಲುತ್ತದೆ. ಗಮನವೇ ಹೀಗೆ ಏರಿಳಿಯುವುದು, ಸಂಜೆ ಹೆಚ್ಚಾಗುವುದು, ಇಲ್ಲದವರು ಕಾಣಿಸುವುದು ಸನ್ನಿಯ ಲಕ್ಷಣ. ಸನ್ನಿ ಎಂದರೆ ಮೆದುಳಿನ ತುರ್ತು ಪರಿಸ್ಥಿತಿ; ಹಿಂದೆ ಯಾವಾಗಲೂ ದೇಹದ ಇನ್ನೊಂದು ಕಾರಣ ಅಡಗಿರುತ್ತದೆ. ಮನೆಯವರು ದೇವರ ಅಪ್ಪಣೆ ತಿಳಿಯಲು ಪ್ರಸಾದ ಕೇಳಿಸಿ ಬಂದಿದ್ದರು. ಅದರಲ್ಲಿ ನನಗೆ ತಕರಾರಿಲ್ಲ. ಏನೋ ಹೊಸದು ನಡೆದಿದೆ ಎಂದು ಅವರಿಗೂ ಅನ್ನಿಸಿತ್ತು ಎಂಬುದಕ್ಕೆ ಅದೇ ಸಾಕ್ಷಿ.

ಸೊಸೆ ಪ್ಲಾಸ್ಟಿಕ್ ಚೀಲದಲ್ಲಿದ್ದ ಮಾತ್ರೆಗಳನ್ನೆಲ್ಲ ಮೇಜಿನ ಮೇಲೆ ಸುರಿದರು. ಹೊಸ ಒತ್ತಡದ ಮಾತ್ರೆಯಲ್ಲಿ ಮೂತ್ರ ಹೆಚ್ಚಿಸುವ ಥಯಝೈಡ್ ವರ್ಗದ ಔಷಧ ಸೇರಿತ್ತು. ಅದು ಒಳ್ಳೆಯ ಔಷಧ, ಲಕ್ಷಾಂತರ ಜನ ತೊಂದರೆಯಿಲ್ಲದೆ ತಿನ್ನುತ್ತಾರೆ. ಆದರೆ ವಯಸ್ಸಾದ, ತೆಳ್ಳಗಿನ ಹೆಂಗಸರಲ್ಲಿ ಮೊದಲ ಕೆಲವು ವಾರಗಳಲ್ಲಿ ರಕ್ತದ ಸೋಡಿಯಂ ಇಳಿಸುವ ಅಪಾಯ ಅದಕ್ಕಿದೆ. ಇದರ ಜೊತೆಗೆ, ಒತ್ತಡಕ್ಕೆ ಉಪ್ಪು ಕಡಿಮೆ ಮಾಡಿ ಎಂಬ ಸಲಹೆಯನ್ನು ಮನೆಯವರು ಉಪ್ಪು ಪೂರ್ತಿ ಬಿಡಿ ಎಂದು ತಿಳಿದಿದ್ದರು. ಹುಟ್ಟಿದಾಗಿನಿಂದ ಗಂಜಿಗೆ ಒಣಮೀನು ಕಚ್ಚಿಕೊಂಡು ಉಂಡವರು ಏಕಾಏಕಿ ಸಪ್ಪೆ ಗಂಜಿ, ಚೊಂಬುಗಟ್ಟಲೆ ನೀರಿನ ಮೇಲೆ ಇದ್ದರು. ಚೀಲದಲ್ಲಿ ಇನ್ನೊಂದು ಪಟ್ಟಿಯೂ ಇತ್ತು: ಅಂಗಡಿಯಿಂದ ತಂದ ಶೀತದ ಮಾತ್ರೆ. ನೆಗಡಿಗಲ್ಲ, ತಿಂದರೆ ನಿದ್ದೆ ಬರುತ್ತದೆ ಎಂದು ದಿನವೂ ರಾತ್ರಿ ಕೊಡುತ್ತಿದ್ದರು. ಕ್ಲೋರ್‌ಫೆನಿರಮಿನ್‌ನಂತಹ ಈ ಹಳೆಯ ಅಲರ್ಜಿ ಔಷಧಗಳು, ನೆನಪಿಗೆ ಬೇಕಾದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ಕೆಲಸವನ್ನು ತಡೆಯುತ್ತವೆ. ಎಳೆಯರಿಗೆ ತೂಕಡಿಕೆಯಷ್ಟೇ, ಎಪ್ಪತ್ತರ ಮೆದುಳಿಗೆ ಅದು ಗೊಂದಲ.

ಸೋಡಿಯಂ 121 ಬಂತು. ಇರಬೇಕಾದದ್ದು 135ರಿಂದ 145; ಇಷ್ಟು ಇಳಿದರೆ ಮೆದುಳಿನ ಕೆಲಸವೇ ಕೆಡುತ್ತದೆ. ಅದೇ ದಿನ ದಾಖಲಿಸಲು ಕಳುಹಿಸಿದೆ. ಇಷ್ಟು ಕೆಳಗಿಳಿದ ಸೋಡಿಯಂ ಅನ್ನು ಅವಸರದಲ್ಲಿ ಏರಿಸುವಂತಿಲ್ಲ. ಒಂದು ದಿನಕ್ಕೆ 8ರಿಂದ 10ಕ್ಕಿಂತ ಹೆಚ್ಚು ಏರಿಸಿದರೆ ಮೆದುಳಿನ ಕಾಂಡಕ್ಕೇ ಶಾಶ್ವತ ಹಾನಿಯಾಗಬಹುದು. ಮನೆಯಲ್ಲಿ ಉಪ್ಪುನೀರು ಕುಡಿಸಿ ಸರಿಮಾಡುವ ವಿಷಯ ಇದಲ್ಲ. ಬಿದ್ದ ಇತಿಹಾಸ ಇದ್ದುದರಿಂದ ತಲೆಯ ಸಿಟಿ ಸ್ಕ್ಯಾನ್ ಕೂಡ ಬೇಕಾಗಿತ್ತು. ವಯಸ್ಸಾದಂತೆ ಮೆದುಳು ಸ್ವಲ್ಪ ಕುಗ್ಗಿ, ಮೇಲ್ಪದರದ ಸಣ್ಣ ರಕ್ತನಾಳಗಳು ಸೆಳೆದು ನಿಂತಿರುತ್ತವೆ. ಸಣ್ಣ ಪೆಟ್ಟಿಗೂ ಹರಿದು, ವಾರಗಟ್ಟಲೆ ನಿಧಾನವಾಗಿ ರಕ್ತ ಸೇರಿ, ಥೇಟ್ ಮರೆವಿನಂತೆಯೇ ಕಾಣಬಹುದು. ಆಪರೇಷನ್ ಮಾಡಿ ಗುಣಪಡಿಸಬಹುದಾದ ಸ್ಥಿತಿ ಅದು. ಅಜ್ಜಿಗೆ ಅದಾಗಿರಲಿಲ್ಲ. ಥೈರಾಯ್ಡ್, ಸಕ್ಕರೆ, ಬಿ12 ಸರಿಯಿದ್ದವು. ಮೀನು ತಿನ್ನುವವರಲ್ಲಿ ಬಿ12 ಕೊರತೆ ಅಪರೂಪ. ಘಟ್ಟದ ಮೇಲೆ ಶಿರಸಿ, ಸಿದ್ದಾಪುರದ ಸಸ್ಯಾಹಾರಿ ಮನೆಗಳ ಹಿರಿಯರಲ್ಲಿ, ಅದರಲ್ಲೂ ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತಿಂದವರಲ್ಲಿ, ನಾನು ಮೊದಲು ನೋಡುವುದೇ ಅದನ್ನು.

ಸ್ಕ್ಯಾನಿನಲ್ಲಿ ಬೇರೆಯದೊಂದು ಕಂಡಿತು. ಮೆದುಳಿನ ಆಳದಲ್ಲಿ ಹಳೆಯ ಸಣ್ಣ ಸಣ್ಣ ಗುಳಿಗಳು, ಬಿಳಿಭಾಗದಲ್ಲಿ ಹರಡಿದ ಕಲೆಗಳು. ವರ್ಷಗಟ್ಟಲೆ ಅಂಕೆಗೆ ಸಿಗದ ರಕ್ತದೊತ್ತಡ ಸಣ್ಣ ರಕ್ತನಾಳಗಳಲ್ಲಿ ಬಿಟ್ಟ ಗುರುತು ಅದು. ನಿಧಾನದ ವೇಗಕ್ಕೆ ಅಲ್ಲಿ ಒಂದು ಉತ್ತರವಾದರೂ ಇತ್ತು.

ನೋಟುಗಳ ಬಣ್ಣ

ಎರಡು ಮಾತ್ರೆಗಳು ನಿಂತು ಸೋಡಿಯಂ ಮೇಲೆ ಬಂದ ಮೇಲೆ ಸನ್ನಿ ಇಳಿಯಲು ಮೂರು ವಾರ ಹಿಡಿಯಿತು. ಸೋಡಿಯಂ ಸರಿಹೋದ ಮರುದಿನವೇ ಎಲ್ಲ ಸರಿಹೋಗಲಿಲ್ಲ. ವಯಸ್ಸಾದವರ ಸನ್ನಿ ಹಾಗೆಯೇ. ಸಂಜೆಯ ಮಾತುಗಳು ನಿಂತವು, ನಡಿಗೆ ಸ್ಥಿರವಾಯಿತು, ವಾರದ ದಿನಗಳು ಹಿಂದಿನಿಂದ ಪೂರ್ತಿ ಬಂದವು. ಸೇತುವೆಯ ಬಗ್ಗೆ ಕೇಳಿದಾಗ, "ಹಳೆಯದು ಬಿದ್ದಿದೆ, ಬಸ್ಸು ಹೊಸದರ ಮೇಲೆ ಹೋಗುತ್ತದೆ" ಎಂದರು.

ಆಮೇಲಷ್ಟೇ ಮರೆವಿನ ಪರೀಕ್ಷೆಗೆ ಕೂರಿಸಿದ್ದು. ಸನ್ನಿಯ ನಡುವೆ ಮಾಡಿದ ಪರೀಕ್ಷೆಗೆ ಬೆಲೆ ಇಲ್ಲ. ಅಕ್ಷರ ಬಲ್ಲವರಿಗಾಗಿ ಮಾಡಿದ, ವಾಕ್ಯ ಬರೆಯಿರಿ, ಚಿತ್ರ ನಕಲು ಮಾಡಿ ಎನ್ನುವ ಪರೀಕ್ಷೆಗೂ ಇಲ್ಲಿ ಬೆಲೆ ಇಲ್ಲ; ಅದರಲ್ಲಿ ಅಜ್ಜಿ ತಮ್ಮ ನಲವತ್ತರಲ್ಲೂ ಸೋಲುತ್ತಿದ್ದರು. ಹರಿಯಾಣದ ಬಲ್ಲಭಗಢದಲ್ಲಿ ಅಕ್ಷರ ಬಾರದ ಹಿರಿಯರಿಗಾಗಿಯೇ ರೂಪಿಸಿದ ಹಿಂದಿ ಪರೀಕ್ಷೆಯೊಂದು ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐದು ಭಾಷೆಗಳಲ್ಲಿ ಸಿದ್ಧಪಡಿಸಿದ ಪರೀಕ್ಷೆಗಳಲ್ಲಿ ಕನ್ನಡವೂ ಸೇರಿದೆ, ಕೊಂಕಣಿ ಇಲ್ಲ. ಮನೆಮಾತಿನಲ್ಲಿ ಕೇಳದಿದ್ದರೆ ಭಾಷೆಯ ತಡವರಿಕೆಯನ್ನೇ ಮೆದುಳಿನ ತಡವರಿಕೆ ಎಂದು ಬರೆದುಬಿಡುತ್ತೇವೆ. ಹಾಗಾಗಿ ಕೊಂಕಣಿ ಬಲ್ಲ ನರ್ಸ್ ಜೊತೆಗಿದ್ದರು.

ಈಗ ಲೆಕ್ಕ. "ನೂರಕ್ಕೆ ಎಂಟು ಬಂಗಡೆ. ನಾನು ಹನ್ನೆರಡು ತೆಗೆದುಕೊಂಡು ಇನ್ನೂರು ಕೊಟ್ಟೆ. ನನಗೆಷ್ಟು ವಾಪಸು?" ನಾನು ಮಾತು ಮುಗಿಸುವಷ್ಟರಲ್ಲಿ "ಐವತ್ತು" ಎಂದರು. ಬಾಯಿಲೆಕ್ಕ ಮುಕ್ಕಾಗಿರಲಿಲ್ಲ. ಹಾಗಾದರೆ ಬೇಸಿಗೆಯಲ್ಲಿ ಚಿಲ್ಲರೆ ತಪ್ಪಿದ್ದು ಹೇಗೆ? ಜೇಬಿನಿಂದ ನೋಟು ತೆಗೆದು ಮೇಜಿನ ಮೇಲೆ ಹರಡಿದೆ. ಇಪ್ಪತ್ತು, ಇನ್ನೂರು, ಐನೂರು ಸರಿಯಾಗಿ ಎತ್ತಿದರು. ಹೊಸ ಐವತ್ತು ಮತ್ತು ಹೊಸ ನೂರರ ಮುಂದೆ ಕೈ ನಿಂತಿತು. ಐವತ್ತರದು ನೀಲಿ, ನೂರರದು ತಿಳಿನೇರಳೆ. ಉದ್ದದಲ್ಲಿ ಇರುವ ವ್ಯತ್ಯಾಸ 7 ಮಿಲಿಮೀಟರ್ ಮಾತ್ರ. ಅಜ್ಜಿಗೆ ಅಂಕಿ ಓದಲು ಬರುವುದಿಲ್ಲ, ಬಣ್ಣವೇ ಗುರುತು. ಎರಡೂ ಕಣ್ಣಿನಲ್ಲಿ ಪೊರೆ ಬಲಿತಿತ್ತು. ಹಳದಿಗಟ್ಟಿದ ಪೊರೆ ಮೊದಲು ನುಂಗುವುದೇ ನೀಲಿ, ನೇರಳೆ ಬೆಳಕನ್ನು. ಕಿಟಕಿಯ ಬಳಿ ಬಿಸಿಲಿಗೆ ಹಿಡಿದಾಗ ಎರಡನ್ನೂ ಬೇರೆ ಮಾಡಿದರು, ಟ್ಯೂಬ್‌ಲೈಟಿನಡಿ ಮತ್ತೆ ತಪ್ಪಿದರು.

ಇದನ್ನು ನೋಡುತ್ತ ಮಗ ತಲೆತಗ್ಗಿಸಿ ಕುಳಿತ. ಚಿಲ್ಲರೆ ತಪ್ಪಿದ ದಿನದಿಂದಲೇ ಮನೆಯಲ್ಲಿ ಅಮ್ಮನನ್ನು ಲೆಕ್ಕದಿಂದ ದೂರವಿಟ್ಟಿದ್ದರು. ಅದಕ್ಕೂ ಒಂದು ವರ್ಷ ಮೊದಲು ಬುಟ್ಟಿಗೆ ಮೊಬೈಲ್ ಪಾವತಿಯ ಕ್ಯೂಆರ್ ಕೋಡ್ ಅಂಟಿಸಿ, ಹಣ ನೇರ ಮಗನ ಫೋನಿಗೆ ಬರುವಂತೆ ಮಾಡಿದ್ದರು. ಹಣ ಬಂದಿದೆ ಎಂದು ಹೇಳುವ ಪೆಟ್ಟಿಗೆಯನ್ನೂ ಕೊಟ್ಟಿದ್ದರು, ಆದರೆ ಅದು ಅಜ್ಜಿಗೆ ಕೇಳುತ್ತಿರಲಿಲ್ಲ. ಒಂದು ಕಿವಿಯಲ್ಲಿ ಗುಗ್ಗೆ ಗಟ್ಟಿಯಾಗಿತ್ತು, ತೆಗೆದ ಮೇಲೂ ಎರಡೂ ಕಿವಿಗಳಲ್ಲಿ ವಯಸ್ಸಿನ ಕಿವುಡು ಉಳಿಯಿತು. ಸೊಂಟದ ಚೀಲಕ್ಕೆ ಬೀಳುವ ಒಂದೊಂದು ನೋಟೂ ಅವರಿಗೆ ಯಾರು ಕೊಟ್ಟರು, ಎಷ್ಟು ಕೊಟ್ಟರು ಎಂಬ ನೆನಪಿನ ಕೊಂಡಿಯಾಗಿತ್ತು. ಆ ಕೊಂಡಿ ಕಳಚಿದ ಮೇಲೆ ಯಾರು ಕೊಟ್ಟರು, ಯಾರದು ಉದ್ದರಿ ಎಂಬುದು ನಿಲ್ಲಲಿಲ್ಲ. ಮಗ ಒಳ್ಳೆಯದಕ್ಕೇ ಮಾಡಿದ್ದ. ಆದರೂ ಇದನ್ನು ಒತ್ತಿ ಹೇಳುತ್ತೇನೆ: ಹಿರಿಯರ ಕೈಯಿಂದ ಒಂದು ಕೆಲಸ ಕಸಿಯುವ ಮೊದಲು, ಆ ಕೆಲಸ ಎಲ್ಲಿ ತಪ್ಪುತ್ತಿದೆ ಎಂದು ಪಕ್ಕದಲ್ಲಿ ಕುಳಿತು ನೋಡಬೇಕು.

ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗದ 2024ರ ವರದಿ, ಡಿಮೆನ್ಶಿಯಾಕ್ಕೆ ನಂಟಿರುವ, ತಿದ್ದಬಹುದಾದ 14 ಅಂಶಗಳನ್ನು ಹೆಸರಿಸುತ್ತದೆ. ಅವೆಲ್ಲವನ್ನೂ ನಿವಾರಿಸಿದರೆ ಜಗತ್ತಿನ ಸುಮಾರು 45% ಪ್ರಕರಣಗಳನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂಬುದು ಅದರ ಅಂದಾಜು. ಶಾಲೆ ಕಾಣದಿರುವುದು, ಕಿವುಡು, ದೃಷ್ಟಿ ಮಂದವಾಗಿಯೂ ಚಿಕಿತ್ಸೆ ಇಲ್ಲದಿರುವುದು, ರಕ್ತದೊತ್ತಡ, ಮನೆಯಲ್ಲೇ ಉಳಿದ ಮೇಲೆ ಮೈ ಬಳಸದಿರುವುದು, ಒಂಟಿತನ: ಅಜ್ಜಿಯ ಬಾಳಿನಲ್ಲಿ ಇಷ್ಟೂ ಇದ್ದವು. ಆದರೆ ಆ 45% ಜನಸಮೂಹದ ಲೆಕ್ಕ. ಕಿವಿಯಂತ್ರ ಹಾಕಿದರೆ ಈ ಅಜ್ಜಿಗೆ ಇಷ್ಟು ಶೇಕಡಾ ಲಾಭ ಎಂದು ಅದರಿಂದ ಹೇಳಲಾಗದು. ಅಮೆರಿಕದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಚೀವ್ ಎಂಬ ಪ್ರಯೋಗದಲ್ಲಿ ಕಿವಿಯಂತ್ರ ಪಡೆದ ಒಟ್ಟು ಗುಂಪಿಗೆ ಲಾಭ ಕಾಣಲಿಲ್ಲ. ಅರಿವಿನ ಕುಸಿತದ ಅಪಾಯ ಹೆಚ್ಚಿದ್ದವರಲ್ಲಿ ಮಾತ್ರ ಮೂರು ವರ್ಷಗಳಲ್ಲಿ ಕುಸಿತದ ವೇಗ 48% ಕಡಿಮೆಯಾಯಿತು. ಅಜ್ಜಿ ಆ ಎರಡನೆಯ ಬಗೆಯವರು. ಅಷ್ಟಕ್ಕೂ ಕೇಳಿಸಿದರೆ ಮಾತಿಗೆ ಸೇರಬಹುದು ಎಂಬ ಒಂದೇ ಕಾರಣ ನನಗೆ ಸಾಕಾಗಿತ್ತು.

ಅಜ್ಜಿಯ ಪರವಾಗಿಯೂ ಒಂದು ಅಂಶ ಇತ್ತು ಎಂದು ನನ್ನ ನಂಬಿಕೆ. ಹೈದರಾಬಾದಿನ ನಿಮ್ಸ್ ಆಸ್ಪತ್ರೆಯಲ್ಲಿ ಡಾ. ಸುವರ್ಣ ಅಲ್ಲಾಡಿ ಮತ್ತು ಸಂಗಡಿಗರು 648 ಡಿಮೆನ್ಶಿಯಾ ರೋಗಿಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಿಗೆ ಕಾಯಿಲೆ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು, ಅಕ್ಷರ ಬಾರದವರಲ್ಲೂ. ನಾಲ್ಕು ಭಾಷೆಗಳಲ್ಲಿ ದರ ಕುದುರಿಸುತ್ತ, ಅರ್ಧ ಶತಮಾನ ಬಾಯಿಲೆಕ್ಕ ಮಾಡಿದ ಮೆದುಳನ್ನು ಅನಕ್ಷರಸ್ಥ ಎಂಬ ಒಂದು ಶಬ್ದದಲ್ಲಿ ದಾಖಲಿಸಲು ನನ್ನ ಕೈ ಏಳಲಿಲ್ಲ.

ಉಳಿದದ್ದು

ನವೆಂಬರಿನಲ್ಲಿ ಬಲಗಣ್ಣಿನ ಪೊರೆ ತೆಗೆಸಿದರು. ಐವತ್ತು, ನೂರರ ಗೊಂದಲ ಹೋಯಿತು. ಒಂದು ಕಿವಿಗೆ ಯಂತ್ರ ಬಂತು. ಮನೆಯಲ್ಲಿ ಹಾಕುತ್ತಾರೆ, ಪೇಟೆಯ ಗದ್ದಲದಲ್ಲಿ ತೆಗೆದು ಸೆರಗಿಗೆ ಕಟ್ಟಿಕೊಳ್ಳುತ್ತಾರೆ. ಒತ್ತಡಕ್ಕೆ ಥಯಝೈಡ್ ಇಲ್ಲದ ಮಾತ್ರೆ. ಎಷ್ಟು ಇಳಿಸಬೇಕು ಎಂಬುದು ಇಲ್ಲಿ ಸೂಕ್ಷ್ಮ. 2019ರಲ್ಲಿ ಪ್ರಕಟವಾದ ಸ್ಪ್ರಿಂಟ್ ಮೈಂಡ್ ಅಧ್ಯಯನದಲ್ಲಿ, ಮೇಲಿನ ಒತ್ತಡವನ್ನು 140ರ ಬದಲು 120ರ ಕೆಳಗಿಡುವ ಗುರಿಯಿಟ್ಟಾಗ ಅಲ್ಪ ಪ್ರಮಾಣದ ಅರಿವಿನ ಕುಂದು 19% ಕಡಿಮೆಯಾಯಿತು. ಡಿಮೆನ್ಶಿಯಾ ಕಡಿಮೆಯಾಯಿತೆಂದು ಖಚಿತವಾಗಿ ಹೇಳಲು ಆಗಲಿಲ್ಲ. ಒಮ್ಮೆ ಬಿದ್ದು, ಸೋಡಿಯಂ ಕೆಡಿಸಿಕೊಂಡ ಅಜ್ಜಿಗೆ ನಾನು 130ರ ಆಸುಪಾಸಿಗೆ ತೃಪ್ತನಾಗಿದ್ದೇನೆ. ಊಟಕ್ಕೆ ಉಪ್ಪು ಮಿತವಾಗಿ ಮರಳಿದೆ, ಒಣಮೀನು ವಾರಕ್ಕೊಮ್ಮೆ.

ಆದರೆ ಎಲ್ಲವೂ ಮರಳಲಿಲ್ಲ. ಹೇಳಿದ ಮೂರು ವಸ್ತುಗಳಲ್ಲಿ ಐದು ನಿಮಿಷದ ಬಳಿಕ ಒಂದೇ ನೆನಪಿರುತ್ತದೆ. ಕೇಳಿದ್ದನ್ನೇ ಕೇಳುವುದು ಹಾಗೆಯೇ ಇದೆ. ಹೊಸ ಹಾದಿಯಲ್ಲಿ ಗೊಂದಲವಾಗುತ್ತದೆ. ಹೆದ್ದಾರಿ ಚತುಷ್ಪಥವಾದ ಮೇಲೆ ಬಸ್ಸು ನಿಲ್ಲುವ ಜಾಗಗಳು ಬದಲಾದದ್ದು ಅವರಿಗೆ ಕೊನೆಗೂ ಹತ್ತಲಿಲ್ಲ. ರಕ್ತನಾಳಗಳಿಂದ ಬಂದ ಅರಿವಿನ ಕುಂದು, ಸದ್ಯಕ್ಕೆ ಅಲ್ಪ ಪ್ರಮಾಣದ್ದು, ಜೊತೆಗೆ ಆಲ್ಝೈಮರ್ ಕೂಡ ಇರಬಹುದು ಎಂದು ಮನೆಯವರಿಗೆ ನೇರವಾಗಿ ಹೇಳಿದೆ. ಮಗ ಹುಬ್ಬಳ್ಳಿಯ ನರರೋಗ ತಜ್ಞರಿಗೂ ತೋರಿಸಿ ಬಂದ, ಅಲ್ಲಿಯೂ ಅದೇ ಅಭಿಪ್ರಾಯ. ಜ್ಞಾಪಕಶಕ್ತಿಯ ಗುಳಿಗೆ ಬೇಕೆಂದು ಅವನ ಹಟ. ಅಲ್ಪ ಪ್ರಮಾಣದ ಕುಂದಿಗೆ ಆ ಗುಳಿಗೆಗಳಿಂದ ಉಪಯೋಗ ಸಾಬೀತಾಗಿಲ್ಲ, ಬರೆದುಕೊಡಲಿಲ್ಲ. ಏನೂ ಕೊಡದೆ ಕಳುಹಿಸಿದರು ಎಂದು ಅವನಿಗೆ ಬೇಸರವಾದದ್ದು ನನಗೆ ತಿಳಿಯಿತು.

ಕೊಟ್ಟದ್ದು ಬೇರೆ. ಒಲೆ ಹಚ್ಚುವಾಗ ಸೊಸೆ ಅಡುಗೆಮನೆಯಲ್ಲಿರಬೇಕು. ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತುವ ಯಾವ ಕಾಗದವನ್ನೂ ಮಗಳು ಮತ್ತು ಮಗ ಇಬ್ಬರೂ ನೋಡಬೇಕು. ಅಂಗಡಿಯ ಶೀತದ ಮಾತ್ರೆ ಮನೆಯೊಳಗೆ ಬರಬಾರದು. ಮುಂದೆ ಎಂದಾದರೂ ದಿನಗಳ ಲೆಕ್ಕದಲ್ಲಿ ಬದಲಾವಣೆ ಕಂಡರೆ, ಮೂತ್ರದ ಸೋಂಕೋ ಸೋಡಿಯಮ್ಮೋ ಮಾತ್ರೆಯೋ ಎಂದು ಅಂದೇ ತೋರಿಸಬೇಕು. ಹಿರಿಯರ ಸಹಾಯವಾಣಿ 14567 ಮತ್ತು ಮಾನಸಿಕ ಆರೋಗ್ಯದ ಟೆಲಿ ಮನಸ್ ಸಂಖ್ಯೆ 14416 ಎರಡನ್ನೂ ಸೊಸೆಯ ಮೊಬೈಲಿನಲ್ಲಿ ಹಾಕಿಸಿದೆ. ಇದರ ಭಾರವೆಲ್ಲ ಹೊರುವವರು ಅವರೇ.

ಎಲ್ಲಕ್ಕಿಂತ ಮುಖ್ಯವಾಗಿ, ವ್ಯಾಪಾರ ಮರಳಿತು. ತಿರುಗಿ ಮಾರುವುದಲ್ಲ, ಮನೆಗೆ ಹತ್ತಿರದ ಕ್ರಾಸಿನಲ್ಲಿ ಸೊಸೆಯ ಪಕ್ಕ ಕೂರುತ್ತಾರೆ. ನಗದು ಅಜ್ಜಿಯ ಸೊಂಟದ ಚೀಲಕ್ಕೆ, ಮೊಬೈಲ್ ಪಾವತಿ ಸೊಸೆಗೆ. ಉದ್ದರಿಗೆ ಈಗ ಪುಸ್ತಕ ಬಂದಿದೆ, ಮೊಮ್ಮಗಳು ಬರೆಯುತ್ತಾಳೆ. ಬೆಳಿಗ್ಗೆ ನಡೆದು ಹೋಗುತ್ತಾರೆ, ಹಳೆಯ ಗಿರಾಕಿಗಳು ಮಾತನಾಡಿಸುತ್ತಾರೆ. ಇದೆಲ್ಲ ಕುಸಿತವನ್ನು ನಿಲ್ಲಿಸುತ್ತದೆ ಎಂದು ನಾನು ಮಾತು ಕೊಟ್ಟಿಲ್ಲ.

2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಂದಾಜಿನಂತೆ, ದೇಶದಲ್ಲಿ ಅರವತ್ತು ದಾಟಿದವರ ಪೈಕಿ 7.4%, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯಾ ಇದೆ. ಹೆಂಗಸರಲ್ಲಿ ಹೆಚ್ಚು, ಹಳ್ಳಿಗಳಲ್ಲಿ ಹೆಚ್ಚು. ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಇದನ್ನು ಗುರುತಿಸುವ ತರಬೇತಿ ಕೊಡುವ ಕೆಲಸವನ್ನು ನಿಮ್ಹಾನ್ಸ್ ಜೊತೆಗೂಡಿ ರಾಜ್ಯ ಸರ್ಕಾರ ಆರಂಭಿಸಿದೆ. ಈ ದಂಡೆಗೆ ಅದು ಬೇಗ ಗಟ್ಟಿಯಾಗಿ ತಲುಪಬೇಕು. ಸೋಡಿಯಂ ಪರೀಕ್ಷೆ ದುಬಾರಿಯಲ್ಲ, ತಾಲೂಕು ಮಟ್ಟದಲ್ಲೇ ಆಗುವಂಥದ್ದು. ಅದಕ್ಕೆ ಹುಬ್ಬಳ್ಳಿ, ಮಣಿಪಾಲ, ಗೋವಾ ಸುತ್ತಬೇಕಿಲ್ಲ.

ಈ ಮನೆಗೆ ಸಂಬಂಧಿಸಿ ಇನ್ನೂ ಬಗೆಹರಿಯದ್ದು ಜೂನ್ ಮತ್ತು ಜುಲೈ. ಮೀನುಗಾರಿಕೆ ನಿಂತಾಗ ಸೊಸೆ ಬೇರೆ ಕೂಲಿಗೆ ಹೋಗಲೇಬೇಕು, ಮಗ ಗೋವಾ ಕಡೆ ಕೆಲಸ ಹುಡುಕುತ್ತಾನೆ, ಮೊಮ್ಮಗಳಿಗೆ ಶಾಲೆ. ಎರಡು ತಿಂಗಳು ಹಗಲೆಲ್ಲ ಅಜ್ಜಿ ಒಬ್ಬರೇ. ಆ ಅವಧಿಗೆ ಕುಮಟಾದ ಮಗಳ ಮನೆಗೆ ಕಳುಹಿಸೋಣವೆಂದು ಮಗ ಹೇಳುತ್ತಾನೆ. ಗುರುತಿಲ್ಲದ ಮನೆಯಲ್ಲಿ ಗೊಂದಲ ಹೆಚ್ಚಬಹುದೆಂದು ನಾನು ಎಚ್ಚರಿಸಿದ್ದೇನೆ. ಮಗಳೇ ಇಲ್ಲಿಗೆ ಬಂದಿರಲು ಸಾಧ್ಯವೇ ಎಂದು ಸೊಸೆ ಕೇಳಿದ್ದಾರೆ, ಮಗಳಿಂದ ಉತ್ತರ ಬರಬೇಕಿದೆ.